ಅಜ್ಜಿಯ ವಾಕರ್ ಹೋಗುವಷ್ಟು ಜಾಗ

ನಿಮ್ಮ ಮನೆಯ ಹಾಲ್‌ನಿಂದ ಬಚ್ಚಲಿಗೆ ಹೋಗುವ ದಾರಿ ಎಷ್ಟು ಅಗಲ ಇದೆ? ಎರಡು ವರ್ಷದ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಈಗ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ನಮ್ಮ ಮನೆಯದು ಗೋಡೆಯಿಂದ ಗೋಡೆಗೆ 42 ಇಂಚು. 2024ರ ಜುಲೈವರೆಗೆ ಅದರಲ್ಲಿ ಓಡಾಡಲು ಉಳಿದಿದ್ದು ಬರೀ 19 ಇಂಚು. ಮಿಕ್ಕಿದ್ದೆಲ್ಲ ಸಾಮಾನು.

ಹಗಲಲ್ಲಿ ನಮಗೆ ಅದು ಕಾಣಿಸುತ್ತಲೇ ಇರಲಿಲ್ಲ. ಮೈಯನ್ನು ಸ್ವಲ್ಪ ಓರೆ ಮಾಡಿಕೊಂಡು ನಡೆಯುವುದು ಎಲ್ಲರಿಗೂ ರೂಢಿಯಾಗಿತ್ತು. ಗೆಳತಿಯರು ಮನೆಗೆ ಬರುತ್ತೇವೆ ಅಂದಾಗ ಮಾತ್ರ ನನಗೆ ಎಲ್ಲವೂ ಒಮ್ಮೆಲೇ ಕಾಣುತ್ತಿತ್ತು. "ಬೇಡ ಕಣ್ರೇ, ಬೆಣ್ಣೆದೋಸೆ ತಿನ್ನೋಕೆ ಹೋಟೆಲ್‌ಗೇ ಹೋಗೋಣ" ಅಂತ ತಪ್ಪಿಸಿಕೊಳ್ಳುತ್ತಿದ್ದೆ. ದಾವಣಗೆರೆಯವರಿಗೆ ಈ ನೆಪ ಯಾವಾಗಲೂ ಕೈಗೆ ಸಿಗುತ್ತದೆ.

ಜುಲೈ ತಿಂಗಳ ಒಂದು ರಾತ್ರಿ, ಕರೆಂಟ್ ಇಲ್ಲದ ಹೊತ್ತಿನಲ್ಲಿ, ಅಜ್ಜಿ ಬಚ್ಚಲಿಗೆಂದು ಎದ್ದಳು. ದಾರದಲ್ಲಿ ಕಟ್ಟಿಟ್ಟಿದ್ದ ಹಳೇ ಪೇಪರಿನ ಗಂಟಿಗೆ ಕಾಲು ತಾಗಿ ಬಿದ್ದಳು. ಎಡ ಸೊಂಟದ ಮೂಳೆ ಮುರಿಯಿತು. ಆಗ ಅವಳಿಗೆ 78 ವರ್ಷ. ಆಪರೇಷನ್ ಆಯಿತು. ಹನ್ನೆರಡು ದಿನಕ್ಕೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಹೊರಡುವ ಮೊದಲು ಫಿಸಿಯೋಥೆರಪಿಸ್ಟ್ ನನ್ನನ್ನು ಕರೆದು, "ಮನೇಲಿ ವಾಕರ್ ಹಿಡ್ಕೊಂಡು ದಿನಾ ನಡೀಲೇಬೇಕು. ದಾರೀಲಿ ಏನೂ ಇರಬಾರದು, ಗೊತ್ತಾಯ್ತಾ?" ಅಂದರು. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಟೇಪು ತೆಗೆದು ವಾಕರ್ ಅಳೆದೆ. 24 ಇಂಚು. ನಮ್ಮ ದಾರಿ 19 ಇಂಚು. ಲೆಕ್ಕ ಅಲ್ಲೇ ಮುಗಿಯಿತು.

ಒಂದು ತಿಂಗಳಿಗೆಂದು ಬಂದ ಸಾಮಾನು

ನಮ್ಮ ಅಪ್ಪಾಜಿಯದು ಮೋಟಾರ್ ರಿವೈಂಡಿಂಗ್ ಕೆಲಸ. ಸುಟ್ಟುಹೋದ ನೀರಿನ ಪಂಪು, ಮಿಕ್ಸಿ, ಟೇಬಲ್ ಫ್ಯಾನು ಅವರ ಕೈಗೆ ಬಂದರೆ ಮತ್ತೆ ತಿರುಗುತ್ತವೆ. ಬಾಡಿಗೆಯ ಅಂಗಡಿ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಬಾಡಿಗೆ ಕಟ್ಟಲಾಗದೆ ಅಂಗಡಿ ಖಾಲಿ ಮಾಡಿ ಎಲ್ಲವನ್ನೂ ಮನೆಗೆ ತಂದರು. "ಒಂದ್ ತಿಂಗಳು ಅಷ್ಟೆ" ಅಂದಿದ್ದರು. ಆಮೇಲೆ ಬೇರೆ ಅಂಗಡಿ ಸಿಕ್ಕಿತು, ಆದರೆ ಅದು ಚಿಕ್ಕದು. ಅರ್ಧ ಸಾಮಾನು ಮನೆಯಲ್ಲೇ ಉಳಿಯಿತು. ಬೇರಿಂಗು, ಕೆಪಾಸಿಟರು, ಮುರಿದ ಫ್ಯಾನಿನ ರೆಕ್ಕೆ, ಮಾಲೀಕರು ವಾಪಸ್ ಒಯ್ಯದೇ ಬಿಟ್ಟ ಮಿಕ್ಸಿಗಳು.

ಒಮ್ಮೆ ಗೋಡೆಯ ಪಕ್ಕ ಒಂದು ರಾಶಿ ಬಂತೆಂದರೆ ಅದಕ್ಕೆ ಗೆಳೆಯರು ಸೇರಿಕೊಳ್ಳುತ್ತಾರೆ. ಹೇಗೂ ಅಲ್ಲಿ ಸಾಮಾನಿದೆಯಲ್ಲ ಅಂತ ಅಮ್ಮ ಸ್ವೀಟ್ ಡಬ್ಬಿಗಳನ್ನು ಇಟ್ಟಳು. ಅಕ್ಕ ಕೆಪಿಎಸ್‌ಸಿ ಗೈಡುಗಳನ್ನು ಪೇರಿಸಿದಳು. ನಾನು ಹೋದ ಸೆಮಿಸ್ಟರಿನ ಜೆರಾಕ್ಸ್ ಕಟ್ಟುಗಳನ್ನು ತಳ್ಳಿದೆ. ಪೇಪರ್ ಗಂಟು ಅವುಗಳ ಮುಂದೆ ಕುಳಿತಿತು. ಅಜ್ಜಿಯನ್ನು ಬೀಳಿಸಿದ ಗಂಟು ಕಟ್ಟಿದವರು ಅಪ್ಪಾಜಿ ಅಲ್ಲ, ನಾನೇ. "ನಾಳೆ ಹಾಕಿದ್ರಾಯ್ತು" ಅಂತ ಇಟ್ಟಿದ್ದೆ. ಆ ನಾಳೆ ಬರುವುದರೊಳಗೆ ಮೂರು ತಿಂಗಳಾಗಿತ್ತು.

ಅಪ್ಪಾಜಿ ಯಾಕೆ ಏನನ್ನೂ ಬಿಸಾಡುವುದಿಲ್ಲ ಅನ್ನುವುದಕ್ಕೂ ಒಂದು ಕತೆ ಇದೆ. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಊರ ತುಂಬ ಹತ್ತಿ ಗಿರಣಿಗಳು. ನಮ್ಮ ಅಜ್ಜ ಅಂಥ ಒಂದು ಗಿರಣಿಯ ಕಾರ್ಮಿಕ. ಅಪ್ಪಾಜಿ ಪಿಯುಸಿ ಓದುವಾಗ ಗಿರಣಿ ಮುಚ್ಚಿತು. ಓದು ಅಲ್ಲಿಗೇ ನಿಂತಿತು. ಹರಿದ ಅಂಗಿ ಚೀಲವಾಯಿತು, ಚೀಲ ಹರಿದಾಗ ಒರೆಸುವ ಬಟ್ಟೆಯಾಯಿತು. ಕೆಟ್ಟ ರೇಡಿಯೋ ಬಿಚ್ಚಿ ಕಲಿತದ್ದೇ ಅಪ್ಪಾಜಿಗೆ ಅನ್ನ ಕೊಟ್ಟಿತು. ಅಂಥವರಿಗೆ ಒಂದು ಕೆಟ್ಟ ಮೋಟಾರು ಕಸವಾಗಿ ಕಾಣುವುದಿಲ್ಲ. "ಇರ್ಲಿ ಬಿಡು, ಯಾವಾಗ್ಲಾದ್ರೂ ಬೇಕಾಗುತ್ತೆ" ಅನ್ನುವ ಅವರ ಮಾತಿನ ಹಿಂದೆ ಮುಚ್ಚಿದ ಗಿರಣಿಯೊಂದಿದೆ. ಇದು ನನಗೆ ಆಗ ಹೊಳೆಯಲಿಲ್ಲ.

1,840 ರೂಪಾಯಿಯ ವ್ಯಾಪಾರ

ಅಜ್ಜಿ ಇನ್ನೂ ಆಸ್ಪತ್ರೆಯಲ್ಲಿದ್ದಳು. ಅಪ್ಪಾಜಿ, ಅಮ್ಮ ಇಬ್ಬರೂ ಅಲ್ಲೇ ಇದ್ದರು. ನಾನು ಗುಜರಿ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ತಳ್ಳುಗಾಡಿ, ತಕ್ಕಡಿ ತಂದರು. ಎರಡು ಗಂಟೆಯಲ್ಲಿ ಅರ್ಧ ದಾರಿ ಖಾಲಿ. ಕೈಗೆ 1,840 ರೂಪಾಯಿ ಬಂತು. ನೆಲ ಒರೆಸಿ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ನನಗೆ ನನ್ನ ಮೇಲೇ ಬಹಳ ಹೆಮ್ಮೆ.

ರಾತ್ರಿ ಅಪ್ಪಾಜಿ ಮನೆಗೆ ಬಂದರು. ದಾರಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಪುಟ್ಟಿ, ಕೆಳಗಡೆ ಒಂದು ಬಿಸ್ಕೆಟ್ ಡಬ್ಬಿ ಇತ್ತಲ್ಲ?"

ತುಕ್ಕು ಹಿಡಿದ ತಗಡಿನ ಡಬ್ಬಿ. ಅಲುಗಾಡಿಸಿದಾಗ ಒಳಗೆ ಏನೋ ಕಣಕಣ ಅಂದಿತ್ತು. ಮುಚ್ಚಳ ಬಿಗಿಯಾಗಿತ್ತು, ನಾನು ತೆಗೆದು ನೋಡಿರಲಿಲ್ಲ. ಕಬ್ಬಿಣದ ತೂಕಕ್ಕೆ ಹಾಕಿಬಿಟ್ಟಿದ್ದೆ. ಅದರಲ್ಲಿ ಅಜ್ಜನ ಗಿರಣಿಯ ಹಿತ್ತಾಳೆ ಬಿಲ್ಲೆ ಇತ್ತು, ಹಾಜರಿಗೆ ಕೊಡುತ್ತಿದ್ದ ನಂಬರಿನ ಬಿಲ್ಲೆ. ಜೊತೆಗೆ ಅಪ್ಪಾಜಿ ಅಂಗಡಿ ಇಟ್ಟ ಮೊದಲ ವರ್ಷದ ಉದ್ದರಿ ಪುಸ್ತಕ.

ಮರುದಿನ ಬೆಳಗ್ಗೆಯೇ ನಾವಿಬ್ಬರೂ ಗುಜರಿ ಅಂಗಡಿಗೆ ಓಡಿದೆವು. ಪಾಪ, ಅವರೂ ಹುಡುಕಿದರು. ಪುಸ್ತಕದ ಅರ್ಧ ಸಿಕ್ಕಿತು. ಬಿಲ್ಲೆ ಸಿಗಲಿಲ್ಲ. ಹಿತ್ತಾಳೆಯನ್ನು ಬೆಳಗ್ಗೆಯೇ ಬೇರೆ ಲೋಡಿಗೆ ಹಾಕಿ ಕಳಿಸಿದ್ದರು. ಅಪ್ಪಾಜಿ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ವಾರದಲ್ಲಿ ಅವರು ಅಂಗಡಿಯಿಂದ ಎರಡು ಚೀಲ ಸಾಮಾನು ತಂದು ಖಾಲಿಯಾದ ಜಾಗದಲ್ಲೇ ಇಟ್ಟರು. ರೂಮಿನ ಕಪಾಟಿಗೆ ಬೀಗ ಬಿತ್ತು. ಅವರ ಜೀವನದಲ್ಲಿ ಮನೆಯೊಳಗೆ ಬೀಗ ಹಾಕಿದ್ದು ಅದೇ ಮೊದಲು.

ಒಂದೇ ದಿನದಲ್ಲಿ ಮನೆ ಸ್ವಚ್ಛ ಮಾಡುತ್ತೇನೆ ಅಂತ ಹೊರಟ ನನಗೆ ಸಿಕ್ಕ ಪಾಠ ಇದು. ಇನ್ನೊಬ್ಬರ ವಸ್ತುವನ್ನು ಕೇಳದೆ ಎತ್ತಿ ಹಾಕಿದರೆ ಜಾಗ ಖಾಲಿಯಾಗುವುದು ಒಂದು ವಾರಕ್ಕೆ. ನಂಬಿಕೆ ಹೋಗುವುದು ಅದಕ್ಕಿಂತ ಬಹಳ ದಿನಕ್ಕೆ.

ಸೋಮಾರಿತನ ಅನ್ನುವ ಮೊದಲು

ಆಮೇಲೆ ಈ ವಿಷಯದ ಬಗ್ಗೆ ಓದತೊಡಗಿದೆ. ವಸ್ತುಗಳನ್ನು ಬಿಡಲಾಗದೆ ಕೂಡಿಡುವುದು ಒಂದು ಹಂತ ದಾಟಿದರೆ ಅದು ಮಾನಸಿಕ ಆರೋಗ್ಯದ ಸಮಸ್ಯೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಾದ ಡಿಎಸ್‌ಎಂ-5ರಲ್ಲಿ 'ಹೋರ್ಡಿಂಗ್ ಡಿಸಾರ್ಡರ್' ಅಂತ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಇದು ಇದೆ. ಬೆಲೆ ಇರಲಿ, ಇಲ್ಲದಿರಲಿ, ವಸ್ತುವನ್ನು ಬಿಡಬೇಕೆಂದರೆ ವಿಪರೀತ ಸಂಕಟವಾಗುವುದು. ಸಾಮಾನು ತುಂಬಿ ಅಡುಗೆಮನೆಯಲ್ಲಿ ಅಡುಗೆ ಮಾಡಲಾಗದ, ಮಂಚದ ಮೇಲೆ ಮಲಗಲಾಗದ ಸ್ಥಿತಿ ಬರುವುದು. ಇದರಿಂದ ಬದುಕು, ಸಂಬಂಧ, ಸುರಕ್ಷತೆ ಕೆಡುವುದು. ಇವು ಮುಖ್ಯ ಲಕ್ಷಣಗಳು. ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರು ಈ ಗುಂಪಿಗೆ ಸೇರುವುದಿಲ್ಲ. ಅವರ ಸಂಗ್ರಹಕ್ಕೆ ಕ್ರಮ ಇರುತ್ತದೆ, ಮಿತಿ ಇರುತ್ತದೆ.

ಅತಿರೇಕಕ್ಕೆ ಹೋದರೆ ಏನಾಗಬಹುದು ಅನ್ನುವುದಕ್ಕೆ ನ್ಯೂಯಾರ್ಕಿನ ಕೊಲಿಯರ್ ಸಹೋದರರ ಉದಾಹರಣೆ ಕೊಡುತ್ತಾರೆ. ಹೋಮರ್ ಮತ್ತು ಲ್ಯಾಂಗ್ಲಿ ಅನ್ನುವ ಓದಿದ, ಅನುಕೂಲವಂತ ಅಣ್ಣತಮ್ಮ. ಪೇಪರಿನ ಗಂಟು, ಪಿಯಾನೊ, ಮುರಿದ ಪೀಠೋಪಕರಣ ಹೀಗೆ ಮನೆ ತುಂಬ ತುಂಬಿಕೊಂಡಿದ್ದರು. 1947ರ ಮಾರ್ಚ್‌ನಲ್ಲಿ ಕಣ್ಣು ಕಾಣದ ಅಣ್ಣ ಹೋಮರ್ ಶವವಾಗಿ ಸಿಕ್ಕ. ಸಾಮಾನಿನ ರಾಶಿ ಮೈಮೇಲೆ ಬಿದ್ದು ಸತ್ತಿದ್ದ ತಮ್ಮ ಅವನಿಂದ ಕೆಲವೇ ಅಡಿ ದೂರದಲ್ಲಿದ್ದರೂ ಸಿಗಲು ಮತ್ತೂ ಎರಡು ವಾರಕ್ಕಿಂತ ಹೆಚ್ಚು ಬೇಕಾಯಿತು. ಆ ಮನೆಯಿಂದ ಹೊರಬಿದ್ದದ್ದು ನೂರು ಟನ್ನಿಗೂ ಮಿಕ್ಕಿದ ಸಾಮಾನು.

ಓದುತ್ತ ನನಗೆ ಹೆಚ್ಚು ದಿಗಿಲಾದದ್ದು ಇನ್ನೊಂದು ವಿಷಯಕ್ಕೆ. ಈ ಗುಣ ಮುದುಕರಾದ ಮೇಲೆ ಬರುವುದಿಲ್ಲ. ಬಹಳ ಜನರಲ್ಲಿ ಹದಿಹರೆಯದಲ್ಲೇ ಸಣ್ಣದಾಗಿ ಶುರುವಾಗಿ ವಯಸ್ಸಿನ ಜೊತೆ ಬೆಳೆಯುತ್ತದೆ. ಅಂದರೆ ಇದು ನಮ್ಮ ವಯಸ್ಸಿನ ವಿಷಯವೂ ಹೌದು.

ನಮ್ಮ ಅಪ್ಪಾಜಿಗೆ ಕಾಯಿಲೆ ಇದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನಾನು ಡಾಕ್ಟರೂ ಅಲ್ಲ. ಸಾಮಾನು ಹೆಚ್ಚಾದ ಎಲ್ಲ ಮನೆಯಲ್ಲೂ ಕಾಯಿಲೆ ಇರುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಒಂದು ಹಾಳೆ ಬಿಡಲೂ ಕೈ ನಡುಗುವಂತಿದ್ದರೆ, ರೂಮುಗಳೇ ಬಳಕೆಗೆ ಬಾರದಂತಾಗಿದ್ದರೆ, ಅವರನ್ನು ಹಂಗಿಸಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಾತಿನ ಚಿಕಿತ್ಸೆಯಿಂದ ನಿಧಾನವಾಗಿಯಾದರೂ ಸುಧಾರಣೆ ಸಾಧ್ಯ. ಮನೆಯವರು ಬಲವಂತವಾಗಿ ಖಾಲಿ ಮಾಡಿದರೆ ಸಂಕಟ ಹೆಚ್ಚುತ್ತದೆ, ಸಾಮಾನು ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ಓದಿ ತಿಳಿಯುವ ಮೊದಲೇ ನಾನು ಮಾಡಿ ತಿಳಿದಿದ್ದೆ.

ಐದು ಮಾರ್ಕಿಗೆ ಓದಿದ್ದು

ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ ಎರಡು ವಿಷಯ ಈ ಕಷ್ಟದಲ್ಲಿ ಕೈಹಿಡಿದವು. ಮೊದಲನೆಯದು ಲಿಟಲ್ಸ್ ಲಾ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ. ಒಂದು ಜಾಗದಲ್ಲಿ ಸರಾಸರಿ ಎಷ್ಟು ವಸ್ತು ಇರುತ್ತದೆ ಅಂದರೆ, ಅವು ಒಳಬರುವ ವೇಗವನ್ನು ಅವು ಅಲ್ಲಿ ಉಳಿಯುವ ಸಮಯದಿಂದ ಗುಣಿಸಿದಷ್ಟು. ಬ್ಯಾಂಕಿನ ಸಾಲಿಗೂ ಅದೇ, ಕಾರ್ಖಾನೆಯ ಗೋದಾಮಿಗೂ ಅದೇ.

ಮನೆಗೂ ಅದೇ. ದಿನಕ್ಕೆ ಒಂದು ಪೇಪರ್ ಬರುತ್ತದೆ. ಒಂದೊಂದು ಪೇಪರೂ 30 ದಿನ ಉಳಿದು ಹೋದರೆ ಮನೆಯಲ್ಲಿರುವುದು 30 ಪೇಪರ್. ಎರಡು ವರ್ಷ ಉಳಿದರೆ 730. ವಾರಕ್ಕೆ ನಾಲ್ಕು ಕೈಚೀಲ ಬಂದು ಒಂದೊಂದೂ ಒಂದು ವರ್ಷ ಉಳಿದರೆ 208 ಚೀಲ. ನಾವು ಯಾರೂ ದೊಡ್ಡ ತಪ್ಪು ಮಾಡಿರುವುದಿಲ್ಲ. ದಿನಕ್ಕೊಂದು ಪೇಪರು, ವಾರಕ್ಕೆ ನಾಲ್ಕು ಚೀಲ, ಅಷ್ಟೇ. ರಾಶಿ ಕಡಿಮೆಯಾಗಬೇಕಾದರೆ ಇರುವುದು ಎರಡೇ ದಾರಿ: ಒಳಬರುವುದು ಕಡಿಮೆಯಾಗಬೇಕು, ಇಲ್ಲವೇ ಬೇಗ ಹೊರಹೋಗಬೇಕು. ಹಬ್ಬಕ್ಕೊಮ್ಮೆ ಸ್ವಚ್ಛ ಮಾಡಿ ಮತ್ತೆ ಹಳೇ ವೇಗದಲ್ಲೇ ತುಂಬಿದರೆ ಮುಂದಿನ ಆಯುಧಪೂಜೆಗೆ ರಾಶಿ ಅಲ್ಲೇ ಹಾಜರು.

ಒಂದು ಸಂಜೆ ಧೈರ್ಯ ಮಾಡಿ ಅಪ್ಪಾಜಿಯ ಹತ್ತಿರ ಕುಳಿತೆ. ಮೊದಲು ಬಿಲ್ಲೆಯ ವಿಷಯಕ್ಕೆ ತಪ್ಪಾಯಿತು ಅಂದೆ. ಅವರು "ಹೂಂ" ಅಂದರು. ಆಮೇಲೆ ಈ ಸೂತ್ರ ಹೇಳಿದೆ. ಕೇಳಿಸಿಕೊಂಡು, "ಇದಕ್ಕೆ ಕಾಲೇಜ್ ಬೇಕಾ? ಸಂಪಿಗೆ ಬರೋ ನಲ್ಲಿ ಬಂದ್ ಮಾಡದೆ ಬಕೆಟ್‌ನಲ್ಲಿ ನೀರು ಎತ್ತಿದ್ರೆ ಸಂಪು ಯಾವತ್ತು ಖಾಲಿ ಆಗುತ್ತೆ?" ಅಂದರು. ನನ್ನ ಫೀಸಿನ ಲೆಕ್ಕ ಅವರ ಮನಸ್ಸಿನಲ್ಲಿ ಓಡಿದ್ದು ಮುಖದಲ್ಲೇ ಕಾಣಿಸಿತು. ಆದರೆ ಮಾತು ಶುರುವಾಯಿತು.

ಎರಡನೆಯದು ಜಪಾನಿನ ಕಾರ್ಖಾನೆಗಳಿಂದ ಬಂದ 5ಎಸ್. ಸೆಯಿರಿ, ಸೆಯಿಟೊನ್, ಸೆಯಿಸೊ, ಸೆಯಿಕೆತ್ಸು, ಶಿತ್ಸುಕೆ. ಬೇಕಾದದ್ದು ಬೇಡದ್ದು ವಿಂಗಡಿಸು, ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡು, ಸ್ವಚ್ಛ ಮಾಡು, ಎಲ್ಲರಿಗೂ ಒಂದೇ ಕ್ರಮ ಇರಲಿ, ಅದನ್ನು ರೂಢಿ ಮಾಡಿಕೋ. ಇದರಲ್ಲಿ ಕೆಂಪು ಚೀಟಿ ಅನ್ನುವ ಒಂದು ಉಪಾಯ ಇದೆ. ಬೇಕೋ ಬೇಡವೋ ಗೊತ್ತಾಗದ ವಸ್ತುವಿಗೆ ತಾರೀಕು ಬರೆದ ಕೆಂಪು ಚೀಟಿ ಅಂಟಿಸಿ ಬೇರೆ ಕಡೆ ಇಡುವುದು. ಗೊತ್ತುಮಾಡಿದ ಅವಧಿಯೊಳಗೆ ಯಾರೂ ಕೇಳದಿದ್ದರೆ ಅದು ಬೇಡದ್ದು. ಅಪ್ಪಾಜಿಗೆ ಬಹಳ ಹಿಡಿಸಿದ್ದು ಇದೇ. ಯಾಕೆಂದರೆ ಇದರಲ್ಲಿ ಈಗಲೇ ಬಿಸಾಡಬೇಕು ಅನ್ನುವ ಒತ್ತಾಯ ಇಲ್ಲ.

ಭಾನುವಾರದ ಒಂದು ಗಂಟೆ

ಮನೆಯನ್ನೆಲ್ಲ ಖಾಲಿ ಮಾಡುವ ಮಾತನ್ನು ಬಿಟ್ಟೆವು. ಗುರಿ ಒಂದೇ ಇಟ್ಟುಕೊಂಡೆವು: ಅಜ್ಜಿಯ ಮಂಚದಿಂದ ಬಚ್ಚಲಿನವರೆಗೆ, ಮಂಚದಿಂದ ಹೊರಗಿನ ಕಟ್ಟೆಯವರೆಗೆ, 36 ಇಂಚು. ಅಪ್ಪಾಜಿಯೇ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು. ಗೆರೆಯೊಳಗೆ ಏನಿದ್ದರೂ ಅದು ಅಜ್ಜಿಯ ಜಾಗ. ಗೆರೆಯಾಚೆಯದು ಅವರ ಇಷ್ಟ. ಅಲ್ಲಿಯವರೆಗೆ ಅಜ್ಜಿ ಹಾಲ್‌ನಲ್ಲೇ, ಇಬ್ಬರ ಹೆಗಲ ಮೇಲೆ ಕೈ ಹಾಕಿ ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಬಚ್ಚಲಿಗೆ ಹೋಗಬೇಕೆಂದರೆ ಮೂವರು ಏಳಬೇಕಿತ್ತು. ಯಾರಿಗೂ ತೊಂದರೆ ಕೊಡಬಾರದೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಅದು ಗೊತ್ತಾದ ದಿನ ಅಪ್ಪಾಜಿ ಸೀಮೆಸುಣ್ಣ ತಂದಿದ್ದು.

ನಮ್ಮ ನಿಯಮಗಳು ಸರಳ. ಭಾನುವಾರ ಬೆಳಗ್ಗೆ ಒಂದೇ ಗಂಟೆ, ಅಲಾರಂ ಇಟ್ಟು. ಒಬ್ಬರ ವಸ್ತುವಿನ ತೀರ್ಮಾನ ಅವರದೇ, ಉಳಿದವರು ಎತ್ತಿಕೊಡುವುದು ಮಾತ್ರ. ಮೂರು ಚೀಲ: ಇರಲಿ, ಹೋಗಲಿ, ಡೌಟು. ಡೌಟಿನ ಚೀಲಕ್ಕೆ ಆರು ತಿಂಗಳ ಮುಂದಿನ ತಾರೀಕು. ಪ್ರತಿ ಡಬ್ಬಿಯನ್ನೂ ತೆಗೆದು ನೋಡದೆ ಕೊಡುವಂತಿಲ್ಲ. ಈ ಕೊನೆಯ ನಿಯಮ ನನಗಾಗಿಯೇ ಮಾಡಿದ್ದು.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಿಕೊಂಡೆ. "ಇದು ಯಾಕೆ ಬೇಕು?" ಅಂದರೆ ಯಾರೇ ಆದರೂ ವಾದಕ್ಕೆ ನಿಲ್ಲುತ್ತಾರೆ. "ಇದನ್ನ ಕೊನೆಗೆ ಯಾವಾಗ ಬಳಸಿದ್ರಿ? ಇಂಥದ್ದು ಇನ್ನೆಷ್ಟಿವೆ?" ಅಂದರೆ ಅವರೇ ಲೆಕ್ಕ ಹಾಕುತ್ತಾರೆ. ಒಂದೇ ಅಳತೆಯ ಬೇರಿಂಗು 31 ಇದ್ದವು. ಅಪ್ಪಾಜಿ ಆರನ್ನು ಇಟ್ಟುಕೊಂಡರು. ವಾರಸುದಾರರು ಬಾರದ ಒಂಬತ್ತು ಮಿಕ್ಸಿಗಳಲ್ಲಿ ನಾಲ್ಕನ್ನು ರಿಪೇರಿ ಮಾಡಿ ಮಾರಿದರು, ಐದನ್ನು ಬಿಚ್ಚಿದರು. ತಾಮ್ರದ ತಂತಿಯ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿಕೆ, ದಾರಿಗೆ ಚಾರ್ಜಿಂಗ್ ದೀಪ ಬಂತು. ಅಂಗಡಿಯಿಂದ ಒಂದು ವಸ್ತು ಮನೆಗೆ ಬಂದರೆ ಒಂದು ಹೊರಗೆ ಹೋಗಬೇಕು ಅನ್ನುವ ನಿಯಮವನ್ನು ಅವರೇ ಮಾಡಿದರು. ನಲ್ಲಿ ಸ್ವಲ್ಪ ಬಂದ್ ಆಯಿತು.

ಒಂದು ಭಾನುವಾರ ಅಪ್ಪಾಜಿ ಯಾವುದನ್ನೂ ಬಿಡಲಿಲ್ಲ. ಅವತ್ತು ಅಜ್ಜನ ತಿಥಿ ಹತ್ತಿರವಿತ್ತು. ನಾವು ಟೀ ಕುಡಿದು ಎದ್ದೆವು. ಮುಂದಿನ ವಾರ ಮತ್ತೆ ಕುಳಿತೆವು. ಗೆರೆ ಪೂರ್ತಿ ತೆರವಾಗಲು ಏಳು ಭಾನುವಾರ ಬೇಕಾಯಿತು. ನಾನು ಎರಡು ಗಂಟೆಯಲ್ಲಿ ಮುಗಿಸಲು ಹೊರಟಿದ್ದ ಕೆಲಸ ಅದು.

'ನಿನ್ನ ಮೊಬೈಲ್ ತೋರ್ಸು'

ಮೂರನೇ ಭಾನುವಾರ ಅಪ್ಪಾಜಿ ನನ್ನ ಕಡೆ ತಿರುಗಿದರು. "ಈಗ ನಿನ್ನ ಟೇಬಲ್" ಅಂದರು. ಒಂದನೇ ಸೆಮಿಸ್ಟರಿನ ಜೆರಾಕ್ಸು, ರೀಫಿಲ್ ಮುಗಿದ 17 ಪೆನ್ನು, ಯಾವ ಫೋನಿನದೆಂದು ಗೊತ್ತಿಲ್ಲದ ಎಂಟು ಕೇಬಲ್, ಎರಡು ಸತ್ತ ಇಯರ್‌ಫೋನು, ಆನ್‌ಲೈನ್ ಆರ್ಡರಿನ ಖಾಲಿ ಡಬ್ಬಗಳು. "ಡಬ್ಬ ಯಾಕೆ?" ಅಂದರು. "ಯಾವಾಗ್ಲಾದ್ರೂ..." ಅಂದು ನಾಲಿಗೆ ಕಚ್ಚಿಕೊಂಡೆ. ಅಪ್ಪಾಜಿ ಅಷ್ಟು ದಿನದ ಮೇಲೆ ಅವತ್ತು ನಕ್ಕರು.

"ನಿನ್ನ ಮೊಬೈಲ್ ತೋರ್ಸು" ಅಂದರು. ಗ್ಯಾಲರಿಯಲ್ಲಿ 6,000ಕ್ಕೂ ಹೆಚ್ಚು ಸ್ಕ್ರೀನ್‌ಶಾಟ್‌ಗಳು. ಕೊನೆಯ ದಿನಾಂಕ ಮುಗಿದ ಇಂಟರ್ನ್‌ಶಿಪ್ ಜಾಹೀರಾತು, ಓದದ ನೋಟ್ಸು, ಮಾಡದ ರೆಸಿಪಿ. ಬಿಸಾಡಲಾಗದ ಗುಣ ಗಿರಣಿಯಿಂದ ಮಾತ್ರ ಬಂದಿಲ್ಲ ಅಂತ ಆಗ ಅನಿಸಿತು. ಅಪ್ಪಾಜಿ ಬರಗಾಲಕ್ಕೆ ಹೆದರಿ ಕೂಡಿಟ್ಟರು. ನಾನು ಏನೋ ತಪ್ಪಿಹೋಗುತ್ತದೆ ಅಂತ ಹೆದರಿ ಕೂಡಿಟ್ಟೆ.

ಕೆಲಸ ಹುಡುಕುತ್ತಿರುವವರಿಗೆ ಅಕ್ಕನ ಕತೆಯನ್ನೂ ಹೇಳಬೇಕು. ಒಂದು ನೇಮಕಾತಿಯ ದಾಖಲೆ ಪರಿಶೀಲನೆಯ ಹಿಂದಿನ ರಾತ್ರಿ ಅವಳ ಪಿಯುಸಿ ಅಂಕಪಟ್ಟಿಯ ಮೂಲ ಪ್ರತಿ ಕಾಣೆ. ರಾತ್ರಿ ಎರಡು ಗಂಟೆಗೆ ಹಳೇ ಗ್ಯಾಸ್ ಬಿಲ್ಲು, ಮದುವೆ ಕರೆಯೋಲೆಗಳ ನಡುವೆ ಸಿಕ್ಕಿತು. ಕಣ್ಣು ಊದಿಸಿಕೊಂಡು ಬೆಳಗಿನ ಜಾವದ ಬಸ್ ಹತ್ತಿದಳು. ನಮ್ಮ ಮನೆಯಲ್ಲಿ ಈಗ ಒಬ್ಬೊಬ್ಬರಿಗೆ ಒಂದೊಂದು ಫೈಲು. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲವೂ ಅದರಲ್ಲೇ. ಡಿಜಿಲಾಕರ್‌ನಲ್ಲಿ ಪ್ರತಿ ಇದ್ದರೂ ಮೂಲ ಪ್ರತಿ ಫೈಲ್ ಬಿಟ್ಟು ಎಲ್ಲೂ ಹೋಗುವಂತಿಲ್ಲ. ಮುಗಿದ ಪರೀಕ್ಷೆಯ ಗೈಡುಗಳನ್ನು ಅಕ್ಕ ಜೂನಿಯರ್‌ಗಳಿಗೆ ಕೊಟ್ಟಳು. ಹಳೇ ವರ್ಷದ ಪ್ರಚಲಿತ ವಿದ್ಯಮಾನದ ಪುಸ್ತಕವನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಅವು ರದ್ದಿಗೆ ಹೋದವು.

ಎಲ್ಲಿಗೆ ಕೊಡುವುದು?

ಬಿಡಲು ಮನಸ್ಸಿದ್ದರೂ ಎಲ್ಲಿಗೆ ಅಂತ ಗೊತ್ತಿಲ್ಲದೆ ಎಷ್ಟೋ ವಸ್ತು ಉಳಿಯುತ್ತವೆ. ನಾವು ಕಂಡುಕೊಂಡದ್ದು ಹೀಗೆ. ಹಳೇ ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಬೆಲೆ ಕಟ್ಟಿ ತೆಗೆದುಕೊಳ್ಳುತ್ತಾರೆ. ಮೊಬೈಲ್, ಚಾರ್ಜರ್‌ನಂಥವು ಇ-ತ್ಯಾಜ್ಯ. ಅವನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಕೊಡುವ ಮೊದಲು ಫೋನಿನ ಮಾಹಿತಿ ಅಳಿಸಿ. ಊದಿಕೊಂಡ ಮೊಬೈಲ್ ಬ್ಯಾಟರಿ ಮನೆಯಲ್ಲಿದ್ದರೆ ಮೊದಲು ಅದನ್ನು ಸಾಗಿಸಿ, ಅದಕ್ಕೆ ಬೆಂಕಿ ಹತ್ತುವ ಅಪಾಯವಿದೆ. ಹಾಕಬಹುದಾದ ಬಟ್ಟೆ ಬೇಕಾದವರಿಗೆ, ಹಾಕಲಾಗದ ಹತ್ತಿ ಬಟ್ಟೆ ಕೌದಿಗೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಒಬ್ಬ ಅಜ್ಜಿ ಇದ್ದಾರೆ. ಅಜ್ಜನ ಪಂಚೆ, ಅಮ್ಮನ ಹಳೇ ಸೀರೆಗಳು ಈಗ ಅಜ್ಜಿಯ ಹೊದಿಕೆ.

ಮಾಳಿಗೆಯ ಮೇಲಿನದನ್ನು ಮರೆಯಬೇಡಿ. ಹಳೇ ಟೈರು, ಡ್ರಮ್ಮು, ಒಡೆದ ಬಕೆಟ್‌ನಲ್ಲಿ ನಿಂತ ತಿಳಿನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಹೆರಿಗೆ ಮನೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಆ ಮಳೆಗಾಲದಲ್ಲಿ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ನಮ್ಮ ಮಾಳಿಗೆಯ ಟೈರಿಗೆ ಟಾರ್ಚ್ ಬಿಟ್ಟು, "ನೋಡಮ್ಮ ಇಲ್ಲಿ" ಅಂದಾಗ ಒಳಗೆ ಸಣ್ಣ ಸಣ್ಣ ಹುಳು ಕುಣಿಯುತ್ತಿದ್ದವು. ಕೆಳಗೆ ಅಜ್ಜಿ ಮಲಗಿದ್ದಳು. ಟೈರು ಅವತ್ತೇ ಹೋಯಿತು. ಅದಕ್ಕೆ ಅಪ್ಪಾಜಿ ಭಾನುವಾರ ಕಾಯಲಿಲ್ಲ.

ಈಗ

ನಮ್ಮ ಮನೆ ಈಗಲೂ ಇನ್‌ಸ್ಟಾಗ್ರಾಂನಲ್ಲಿ ಕಾಣುವಂಥ ಮನೆಯಲ್ಲ. ಅಪ್ಪಾಜಿಯ ಕಬ್ಬಿಣದ ರ‍್ಯಾಕ್ ಒಂದು ಗೋಡೆಗೆ ಇದೆ. ಅದು ತುಂಬಿದೆ, ಆದರೆ ಗೆರೆ ದಾಟಿಲ್ಲ. ಮೊದಲ ಡೌಟಿನ ಚೀಲದ ತಾರೀಕು ಮುಗಿದಾಗ ಅಪ್ಪಾಜಿ ಅದನ್ನು ಬಿಚ್ಚಿ ನೋಡಿ ಎರಡು ವಸ್ತು ತೆಗೆದುಕೊಂಡು ಉಳಿದದ್ದನ್ನು ತಾವೇ ಗುಜರಿಗೆ ಹಾಕಿ ಬಂದರು. ಕಪಾಟಿನ ಬೀಗ ಯಾವಾಗ ಹೋಯಿತೋ ನಾನು ಗಮನಿಸಲಿಲ್ಲ. ಅಜ್ಜನ ಬಿಲ್ಲೆ ಮಾತ್ರ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಉದ್ದರಿ ಪುಸ್ತಕದ ಉಳಿದ ಹಾಳೆಗಳಿಗೆ ರಟ್ಟು ಹಾಕಿಸಿ ಕೊಟ್ಟಿದ್ದೇನೆ. ಅದರಿಂದ ಸರಿಹೋಗುತ್ತದೆ ಅಂತ ನಾನೂ ಅಂದುಕೊಂಡಿಲ್ಲ.

ನೀವು ಇದನ್ನು ಓದಿ ಹುರುಪಿನಿಂದ ಎದ್ದರೆ ಮೊದಲು ನಿಮ್ಮದೇ ಟೇಬಲ್‌ನಿಂದ ಶುರುಮಾಡಿ. ಅಪ್ಪ ಅಮ್ಮನ ಕಪಾಟಿಗೆ ಕೈ ಹಾಕುವ ಮೊದಲು ಅವರ ಪಕ್ಕ ಕುಳಿತು ಕೇಳಿ. ಮತ್ತೆ ಇವತ್ತು ರಾತ್ರಿ ಒಮ್ಮೆ ಲೈಟ್ ಹಾಕದೆ, ಗೋಡೆ ಹಿಡಿದುಕೊಂಡು, ಮಂಚದಿಂದ ಬಚ್ಚಲಿಗೆ ನಡೆದು ನೋಡಿ. ಕಾಲಿಗೆ ಏನು ತಾಗುತ್ತದೋ ಅದೇ ನಿಮ್ಮ ಮೊದಲ ಭಾನುವಾರದ ಕೆಲಸ.

ಅಜ್ಜಿ ಈಗ ವಾಕರ್ ಬಿಟ್ಟು ಕೋಲು ಹಿಡಿದಿದ್ದಾಳೆ. ದಿನಾ ಸಂಜೆ ಕಟ್ಟೆಯವರೆಗೆ ತಾನೇ ನಡೆದು ಹೋಗಿ ಓಣಿಯವರ ಸುದ್ದಿಯೆಲ್ಲ ತರುತ್ತಾಳೆ. ಹೋದ ವಾರ ನನ್ನನ್ನು ಕರೆದು, "ಎಲ್ಲರದೂ ತೆಗಸಿದ್ಯಲ್ಲ, ನನ್ನ ಟ್ರಂಕ್ ಯಾವಾಗ ತೆಗೀತೀ?" ಅಂದಳು. "ಮುಂದಿನ ಭಾನುವಾರ" ಅಂದೆ. "ಒಂದ್ ಗಂಟೆ ಸಾಕಾಗಲ್ಲ ಮತ್ತೆ" ಅಂದಳು. ಟೀ ಫ್ಲಾಸ್ಕಿನ ಸಮೇತ ಕುಳಿತುಕೊಳ್ಳಬೇಕೆಂದು ನಿರ್ಧರಿಸಿದ್ದೇನೆ. ಅವತ್ತು ಅಲಾರಂ ಇಡುವುದಿಲ್ಲ.